ಏಕವಿನ್ಯಾಸದ ಹಾಯಿದೋಣಿಗಳು

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಬೇರೆ ಬೇರೆ ಅಳತೆಯ ಹಾಯಿದೋಣಿಗಳು ಒಂದೇ ಪಂದ್ಯದಲ್ಲಿ ಸೆಣಸುತ್ತಿದ್ದುದರಿಂದ, ಚಿಕ್ಕ ದೋಣಿಗಳಿಗೆ ಸಮಯದ ರಿಯಾಯಿತಿ ಕೊಟ್ಟು ಗೆಲುವನ್ನು ನಿರ್ಣಯಿಸುವ ಪದ್ಧತಿಯಿತ್ತು. ಆದರೂ ಹೊಸ ಹೊಸ ದೋಣಿ ಕಟ್ಟಿಸಬಲ್ಲ ಸಿರಿವಂತರ ಮೇಲುಗೈ ತಪ್ಪುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಥಾಮಸ್ ಮಿಡಲ್ಟನ್ 1887ರಲ್ಲಿ ಡಬ್ಲಿನ್ ಸಮೀಪ ಆರಂಭಿಸಿದ 'ವಾಟರ್ ವ್ಯಾಗ್' ವರ್ಗದಲ್ಲಿ ಎಲ್ಲ ದೋಣಿಗಳೂ ಒಂದೇ ನಕ್ಷೆಯಂತೆ ಸಿದ್ಧವಾಗಬೇಕಿತ್ತು. ಹೀಗೆ ದೋಣಿಯ ಭೇದವನ್ನು ಅಳಿಸಿ, ನಡೆಸುವವರ ಕೌಶಲವನ್ನಷ್ಟೇ ಪರೀಕ್ಷೆಗೊಡ್ಡುವ ಇಂತಹ ವರ್ಗವೇ ಏಕವಿನ್ಯಾಸ ವರ್ಗ. 1900ರಲ್ಲಿ ಮೇಮಿ ಡಾಯ್ಲ್ ರಚಿಸಿದ ದೊಡ್ಡ ನಕ್ಷೆಯ ವಾಟರ್ ವ್ಯಾಗ್‌ಗಳು ಅಲ್ಲಿ ಇಂದಿಗೂ ಸ್ಪರ್ಧಿಸುತ್ತಿವೆ.

ಎರಡನೆಯ ಮಹಾಯುದ್ಧದ ಬಳಿಕ ಈ ಸಮಾನತೆಗೆ ಅಗ್ಗದ ಬೆಲೆಯೂ ಸೇರಿತು. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗಾಗಿ ರೂಪಿಸಿದ 'ಆಪ್ಟಿಮಿಸ್ಟ್' ದೋಣಿಯ ಉದ್ದ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದ 8 ಅಡಿಯ ಪ್ಲೈವುಡ್ ಹಲಗೆಗೆ ಹೊಂದಿಕೊಂಡಿದ್ದು, ಅದರ ಮೊಂಡು ಮೂತಿಯ ಸರಳ ಆಕಾರವೂ ಆ ಹಲಗೆಗೆ ಒಪ್ಪುವಂತಿತ್ತು. 1962ರಲ್ಲಿ ಬ್ರಿಟನ್ನಿನ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ 'ಮಿರರ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ಫೈಬರ್‌ಗ್ಲಾಸ್ ಪಟ್ಟಿಯನ್ನೂ ರಾಳವನ್ನೂ ಹಚ್ಚಿ, ಬಡಗಿತನದ ಪರಿಣತಿಯಿಲ್ಲದವರೂ ಮನೆಯಲ್ಲೇ ಅದನ್ನು ಕಟ್ಟಬಹುದಿತ್ತು.

ಮನೆಯಲ್ಲಿ ಕಟ್ಟಿದ ದೋಣಿಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸಗಳು ಸಹಜವಾದ್ದರಿಂದ, ಪೂರ್ಣ ಸಮಾನತೆಗೆ ಕಾರ್ಖಾನೆಯ ಅಚ್ಚೇ ಬೇಕಾಯಿತು. ದೋಣಿ ತಯಾರಕ ಇಯಾನ್ ಬ್ರೂಸ್ ಅವರ ಕೋರಿಕೆಯ ಮೇರೆಗೆ ಕೆನಡಾ ಮೂಲದ ಬ್ರೂಸ್ ಕರ್ಬಿ 1969ರಲ್ಲಿ ಚಿತ್ರಿಸಿ, 1971ರಲ್ಲಿ ಮಾರಾಟಕ್ಕೆ ಬಂದ 'ಲೇಸರ್' ಫೈಬರ್‌ಗ್ಲಾಸಿನದು; ಅದರ ಒಡಲಿನ ತೂಕ ಸುಮಾರು 59 ಕಿಲೋ, ಒಂದೇ ಹಾಯಿಯ ವಿಸ್ತೀರ್ಣ 7.06 ಚದರ ಮೀಟರ್. ಎರಡು ತುಂಡುಗಳ ಹಾಯಿಕಂಬಕ್ಕೆ ಹಾಯಿಯನ್ನು ತೋಳಿನಂತೆ ತೊಡಿಸುವುದರಿಂದ, ಕಂಬವನ್ನು ಎಳೆದುಕಟ್ಟುವ ತಂತಿಗಳ ಅಗತ್ಯವಿಲ್ಲ. ಪರವಾನಗಿ ಪಡೆದ ತಯಾರಕರ ಬಿಡಿಭಾಗಗಳನ್ನಷ್ಟೇ ಬಳಸಬೇಕೆಂಬ ಕಟ್ಟುನಿಟ್ಟಿನ ನಿಯಮದೊಡನೆ ಈ ವರ್ಗ 1996ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು.

ಆದರೆ ದೋಣಿಗಳನ್ನು ಒಂದಾಗಿಸಿದಷ್ಟು ಸುಲಭವಾಗಿ ನಾವಿಕರ ಮೈತೂಕವನ್ನು ಒಂದಾಗಿಸಲಾಗದು; ಗಾಳಿಗೆ ವಾಲುವ ದೋಣಿಯನ್ನು ಮೈಭಾರದಿಂದಲೇ ತಡೆಯಬೇಕಾದ್ದರಿಂದ, ಹಗುರ ಮೈಯವರಿಗೆಂದು ಅದೇ ಒಡಲಿಗೆ 5.76 ಚದರ ಮೀಟರಿನ 'ರೇಡಿಯಲ್' ಹಾಯಿ ಬಂತು. ಅಲ್ಲದೆ, ಅಚ್ಚನ್ನು ಅವಲಂಬಿಸಿದ ಸಮಾನತೆಯಿಂದಾಗಿ ತಯಾರಿಕೆಯ ಹಕ್ಕೇ ವಿವಾದದ ವಸ್ತುವಾಗಿ, 2019ರಲ್ಲಿ ಈ ವರ್ಗ ಲೇಸರ್ ಹೆಸರನ್ನು ಬಿಟ್ಟು 'ಐಎಲ್‌ಸಿಎ' ಆಯಿತು. ದೋಣಿಗಳ ಮಾಲೀಕರ ನಡುವಣ ಅಸಮಾನತೆಯನ್ನು ನೀಗಲು ಹುಟ್ಟಿದ ಕಲ್ಪನೆಯು, ಹೀಗೆ, ಮಾಲೀಕರೆಲ್ಲರನ್ನೂ ಕೆಲವೇ ತಯಾರಕರಿಗೆ ಅಧೀನರನ್ನಾಗಿಸಿತು.