ಅರ್ಧ ಅಂಗುಲದ ಚರಿತ್ರೆ

ಟೈರು ಎಂಬ ಇಂಗ್ಲಿಷ್ ಶಬ್ದವು ಉಡುಪು ಎಂಬರ್ಥದ ಇನ್ನೊಂದು ಶಬ್ದದ ಮೊಟಕು ರೂಪವೆಂದು ನಿಘಂಟುಕಾರರು ಹೇಳುತ್ತಾರೆ. ಗಾಲಿಗೆ ತೊಡಿಸಿದ ಉಡುಪೇ ಟೈರು. ಮೊದಲಿಗೆ ಅದು ಕಬ್ಬಿಣದ್ದಾಗಿತ್ತು. ನಮ್ಮ ಹಳ್ಳಿಗಳಲ್ಲಿ ಕುಲುಮೆಯ ಮುಂದೆ ನಿಂತು, ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಹಾಕುವುದನ್ನು ಕಂಡವರಿಗೆ ಅದರ ಗುಟ್ಟು ಗೊತ್ತು. ಪಟ್ಟಿಯನ್ನು ಮರದ ಗಾಲಿಗಿಂತ ಕೊಂಚ ಕಿರಿದಾಗಿಯೇ ಮಾಡುತ್ತಾರೆ. ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಗಾಲಿಯ ಮೇಲೆ ಕೂರಿಸಿ ನೀರೆರೆದೊಡನೆ ಕುಗ್ಗಿ ಬಿಗಿಯುತ್ತದೆ. ಎಷ್ಟು ಕಿರಿದಿರಬೇಕೆಂಬುದು ಕಮ್ಮಾರನ ಅಳತೆಗೆ ಬಿಟ್ಟದ್ದು. ಅಳತೆ ತಪ್ಪಿದರೆ ಪಟ್ಟಿ ಕಳಚೀತು, ಇಲ್ಲವೇ ಗಾಲಿ ಬಿರಿದೀತು.

1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದ. ಲೋಕ ಅದನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್, ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. ಅಲ್ಲಿಂದ ಮುಂದೆ ಗಾಲಿಗೂ ಅದರ ಉಡುಪಿಗೂ ನಡುವೆ ಗಾಳಿಯ ಒತ್ತಡವೆಂಬ ಮೂರನೆಯದೊಂದು ಸೇರಿಕೊಂಡಿತು; ಅಳತೆಯ ತಪ್ಪು ಪ್ರಾಣಕ್ಕೆ ಎರವಾಗಬಲ್ಲ ಕಾಲವೂ ಬಂದಿತು. ಇದನ್ನು ವಿವರಿಸಲು ನಾನು ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳ ಪ್ರಸಂಗವೊಂದನ್ನು ಆರಿಸಿಕೊಂಡಿದ್ದೇನೆ. ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಅರ್ಧ ಮಾತ್ರೆ ಉಳಿದರೆ ವೈಯಾಕರಣರಿಗೆ ಪುತ್ರೋತ್ಸವದಷ್ಟು ಸಂತೋಷವೆಂಬ ಮಾತುಂಟು. ಆ ಪರಂಪರೆಯಲ್ಲಿ ಬೆಳೆದವನಿಗೆ, ಅರ್ಧ ಅಂಗುಲವೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಥೆ ರುಚಿಸದಿರುವುದು ಹೇಗೆ?

ಟೈರಿನ ಒಳಅಂಚಿನೊಳಗೆ ಉಕ್ಕಿನ ತಂತಿಯ ಬಳೆಯೊಂದು ಅಡಗಿರುತ್ತದೆ. ಅದು ಹಿಗ್ಗುವುದಿಲ್ಲ. ಆದರೂ ಅದು ರಿಮ್ಮಿನ ಎತ್ತರದ ಅಂಚನ್ನು ದಾಟಿ ಒಳಗೆ ಹೋಗಬೇಕು. ಅದಕ್ಕಾಗಿಯೇ ರಿಮ್ಮಿನ ನಡುವೆ ತಗ್ಗೊಂದನ್ನು ಮಾಡಿರುತ್ತಾರೆ. ಬಳೆಯ ಒಂದು ಮಗ್ಗುಲು ತಗ್ಗಿಗೆ ಇಳಿದಾಗ ಇನ್ನೊಂದು ಮಗ್ಗುಲು ಅಂಚನ್ನು ದಾಟುತ್ತದೆ. ಬಳಿಕ ಗಾಳಿ ತುಂಬಿದಂತೆ ಬಳೆ ಪಕ್ಕಕ್ಕೆ ಸರಿದು, ‘ಠಪ್’ ಎಂಬ ಸದ್ದಿನೊಡನೆ ತನ್ನ ಪೀಠದ ಮೇಲೆ ಕೂರುತ್ತದೆ. ಬಹುಕಾಲದಿಂದ ರೂಢಿಯಲ್ಲಿದ್ದ 15 ಹಾಗೂ 16 ಅಂಗುಲದ ರಿಮ್ಮುಗಳಲ್ಲಿ ಈ ಪೀಠದ ಇಳಿಜಾರು ಸುಮಾರು 5 ಡಿಗ್ರಿ. ಒಳಟ್ಯೂಬಿಲ್ಲದ ಟೈರುಗಳು ಟ್ರಕ್ಕುಗಳಿಗೆ ಬಂದಾಗ ಎಂಜಿನಿಯರುಗಳು 15 ಡಿಗ್ರಿ ಇಳಿಜಾರಿನ ಬೇರೊಂದು ವಂಶವನ್ನೇ ಹುಟ್ಟಿಸಿದರು. ಹಳೆಯದರೊಡನೆ ಬೆರೆಯದಿರಲಿ ಎಂದು ಅದರ ಅಳತೆಗಳಿಗೆಲ್ಲ ಕೊನೆಯಲ್ಲಿ ಅರ್ಧವೊಂದನ್ನು ಅಂಟಿಸಿದರು: 17.5, 19.5, 22.5. ಪಿಕಪ್ಪುಗಳ ಪಾಲಿಗೆ ಬಂದದ್ದು 16.5. ಮೊದಲು 7.50-16 ಟೈರು ಹಾಕುತ್ತಿದ್ದ ಕಡೆ 8.75-16.5 ಬಂದಿತು. ಫೋರ್ಡ್, ಷೆವರ್ಲೆ, ಡಾಡ್ಜ್ ಕಂಪನಿಗಳ ಭಾರಹೊರುವ ಪಿಕಪ್ಪುಗಳು 1970ರ ದಶಕದಲ್ಲಿ ಈ ಗಾಲಿಗಳ ಮೇಲೆ ಓಡಿದವು.

ಇಲ್ಲಿ ಆ ‘ಅರ್ಧ’ ಕೇವಲ ಸಂಖ್ಯೆಯಲ್ಲ, ವಂಶನಾಮ. ಓದುವವರು ಅದನ್ನು ಸಂಖ್ಯೆಯೆಂದೇ ಓದಿದರು. ‘ಅರ್ಧ ಅಂಗುಲ ತಾನೇ, ರಬ್ಬರು ಎಳೆದರೆ ಬರುತ್ತದೆ’ ಎಂದುಕೊಂಡರು. ಹಾಗೆ ಅಂದುಕೊಳ್ಳಲು ಆಸ್ಪದವೂ ಇತ್ತು. 16.5ರ ರಿಮ್ಮಿನ ಅಂಚು ತಗ್ಗು. ಆದುದರಿಂದ ಹೊರಗಿನಿಂದ ನೋಡುವ ಕಣ್ಣಿಗೆ ಎರಡೂ ಗಾಲಿಗಳು ಹೆಚ್ಚುಕಡಿಮೆ ಒಂದೇ. 16ರ ಟೈರು ಆ ಅಂಚನ್ನು ದಾಟಿಯೂ ಬಿಡುತ್ತದೆ. ದಾಟಿದ ಮೇಲೆ ಪೀಠವನ್ನು ಮಾತ್ರ ಏರಲಾರದು. ಟೈರು ಕೂರಲಿಲ್ಲವೆಂದು ಕೆಲಸಗಾರ ಇನ್ನಷ್ಟು ಗಾಳಿ ಬಿಡುತ್ತಾನೆ. ತಂತಿಯ ಬಳೆ ತುಂಡಾಗುತ್ತದೆ. ಮೇಲೆ ಬಗ್ಗಿ ನಿಂತಿದ್ದವನ ಮುಖಕ್ಕೆ ಟೈರೂ ರಿಮ್ಮೂ ಸಿಡಿಯುತ್ತವೆ.

ದೊಡ್ಡ ಟೈರಿನ ಮೋಹ ಈ ಅಪಾಯಕ್ಕೆ ಇನ್ನಷ್ಟು ದಾರಿ ಮಾಡಿತು. ಕೆಸರು, ಮರಳು, ಕಲ್ಲುದಾರಿಗಳಲ್ಲಿ ನುಗ್ಗಲು 31 ಅಂಗುಲ, 33 ಅಂಗುಲ ಎತ್ತರದ ಅಗಲವಾದ ಟೈರುಗಳು ಬಂದವು. ಮುಂದೆ ಕಂಪನಿಗಳು ಹೊಸ ಪಿಕಪ್ಪುಗಳಿಗೆ 16 ಅಂಗುಲದ ಗಾಲಿಗೇ ಮರಳಿದವು. ಅಂಗಡಿಯಲ್ಲಿ ಸೊಗಸಾದ ಟೈರುಗಳೆಲ್ಲ 16ರವು, ಮನೆಯಂಗಳದ ಹಳೆಯ ಬಂಡಿಯಲ್ಲಿ ಇರುವುದು 16.5. ಎತ್ತರವೊಂದನ್ನೇ ನೋಡಿ ಕೊಳ್ಳುವವರು ಬೇರೆಯದನ್ನೂ ಮರೆಯುತ್ತಾರೆ. 33 ಅಂಗುಲ ಎತ್ತರ, 12.50 ಅಂಗುಲ ಅಗಲದ ಟೈರಿಗೆ ಸಾಮಾನ್ಯವಾಗಿ ಎಂಟೂವರೆಯಿಂದ ಹನ್ನೊಂದು ಅಂಗುಲ ಅಗಲದ ರಿಮ್ಮು ಬೇಕು. ಇಕ್ಕಟ್ಟಾದ ರಿಮ್ಮಿಗೆ ತುರುಕಿದರೆ ಮೈ ಉಬ್ಬಿ, ನಡುಭಾಗ ಮಾತ್ರ ಸವೆಯುತ್ತದೆ. 28 ಅಂಗುಲದ ಟೈರಿದ್ದಲ್ಲಿ 33ರದನ್ನು ಹಾಕಿದರೆ ವೇಗಮಾಪಕ 60 ಮೈಲಿ ತೋರಿಸುವಾಗ ಬಂಡಿ 70ಕ್ಕೂ ಮಿಕ್ಕಿ ಓಡುತ್ತಿರುತ್ತದೆ. ಸುಳ್ಳು ಹೇಳುವ ಯಂತ್ರವನ್ನು ಯಜಮಾನನೇ ಹಣ ಕೊಟ್ಟು ಮಾಡಿಕೊಂಡಂತಾಯಿತು.

ಟೆಕ್ಸಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಇಂಥದೊಂದು ಮೊಕದ್ದಮೆಯನ್ನು ತೀರ್ಮಾನಿಸಿತು. ಗಾಯಗೊಂಡವನು ಟೈರು ಕೂರಿಸುವ ಕೆಲಸಗಾರ. 16ರ ಟೈರನ್ನು 16.5ರ ರಿಮ್ಮಿಗೆ ಎಂದೂ ಹಾಕಕೂಡದೆಂಬ ಎಚ್ಚರಿಕೆಯ ಚೀಟಿ, ಸಿಡಿದು ಹಾರುವ ಮನುಷ್ಯನ ಚಿತ್ರದ ಸಮೇತ, ಆ ಟೈರಿನ ಮೇಲೆಯೇ ಇತ್ತು. ಅವನು ಕೊಟ್ಟ ವಿವರಣೆ ನನ್ನನ್ನು ಬಹಳ ಕಾಡಿದೆ. ತಾನು ಆ ರಿಮ್ಮಿನಿಂದ ಬಿಚ್ಚಿ ತೆಗೆದ ಹಳೆಯ ಟೈರು 16ರದು. ಆದ್ದರಿಂದ ರಿಮ್ಮೂ 16ರದೇ ಎಂದು ನಂಬಿದೆ, ಎಂದನಾತ. ಅಂದರೆ ಹಿಂದೆ ಯಾರೋ ಮಾಡಿದ ತಪ್ಪು ಹೇಗೋ ನಡೆದುಬಿಟ್ಟಿತ್ತು. ನಡೆದುದರಿಂದಲೇ ಅದು ಸರಿಯೆಂಬುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ಹಸ್ತಪ್ರತಿಗಳ ಪಾಠ ತಿದ್ದುವವರಿಗೆ ಈ ಬಗೆಯ ಸಾಕ್ಷಿ ಚೆನ್ನಾಗಿ ಪರಿಚಯವುಂಟು.

ಎಚ್ಚರಿಕೆ ಕೊಟ್ಟಮೇಲೆ ನಮ್ಮ ಹೊಣೆ ತೀರಿತೆಂದು ತಯಾರಕರು ವಾದಿಸಿದರು. ಸುಲಭವಾಗಿ ತುಂಡಾಗದ ತಂತಿಯ ಬಳೆಯನ್ನು ಬೇರೆ ತಯಾರಕರು ಅಷ್ಟರಲ್ಲಾಗಲೇ ಬಳಕೆಗೆ ತಂದಿದ್ದರು. ಹೆಚ್ಚು ಸುರಕ್ಷಿತವಾದ ರಚನೆ ಸಾಧ್ಯವಿರುವಾಗ ಬರಿಯ ಎಚ್ಚರಿಕೆ ಅದರ ಬದಲಿಗೆ ನಿಲ್ಲಲಾರದೆಂದು ಬಹುಮತದ ನ್ಯಾಯಮೂರ್ತಿಗಳು ತೀರ್ಪಿತ್ತರು. ಭಿನ್ನಮತದವರೂ ಇದ್ದರು; ಕಣ್ಣೆದುರಿಗಿದ್ದ ಎಚ್ಚರಿಕೆಯನ್ನು ಕಡೆಗಣಿಸಿದವನ ಪಾಲೇನು ಎಂಬ ಪ್ರಶ್ನೆಯನ್ನು ಹಗುರವೆಂದು ನಾನೂ ಹೇಳಲಾರೆ. ಆದರೆ ಗಾಳಿಯ ಕೊಳವೆ ಹಿಡಿದು ದಿನವಿಡೀ ಬಗ್ಗಿ ದುಡಿಯುವವನು ಪ್ರತಿ ಚೀಟಿಯನ್ನೂ ವಿದ್ಯಾರ್ಥಿಯಂತೆ ಓದುತ್ತಾನೆಂದು ನಂಬಿ ವಸ್ತುಗಳನ್ನು ಮಾಡುವುದು ಸರಿಯೆಂದು ನನಗೆ ತೋರುವುದಿಲ್ಲ. ನಲವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ವಿದ್ಯಾರ್ಥಿಗಳೇ ಎಷ್ಟು ಓದುತ್ತಿದ್ದರೆಂಬುದನ್ನು ನಾನು ಬಲ್ಲೆ.

16.5ರ ಗಾಲಿ ಪೂರ್ತಿ ಅಳಿದಿಲ್ಲ. ಅಮೆರಿಕದ ಸೈನ್ಯದ ಹಂವೀ ಬಂಡಿಗಳಿಗೆ ಅದೇ ಅಳತೆ. ಸೈನ್ಯ ಹರಾಜು ಹಾಕಿದ 37 ಅಂಗುಲದ ಟೈರುಗಳನ್ನು ಹಳೆಯ ಪಿಕಪ್ಪಿನ ಕೆಲವು ಯಜಮಾನರು ಹುಡುಕಿ ತರುತ್ತಾರೆ. ಮರಳಿನಲ್ಲಿ ಓಡಿಸಲು ಗಾಳಿ ಇಳಿಸಿದರೆ, ಆ 15 ಡಿಗ್ರಿಯ ಇಳಿಜಾರಿನಿಂದ ಟೈರು ಜಾರುವ ಭಯ ಮಾತ್ರ ಇದ್ದೇ ಇದೆ. ಉಳಿದವರು ನಾಲ್ಕು ಗಾಲಿಗಳನ್ನೂ ಬದಲಿಸಿ 16ರವನ್ನು ಹಾಕಿಸುತ್ತಾರೆ. ಯಾವುದನ್ನು ಮಾಡುವ ಮುನ್ನವೂ ರಿಮ್ಮಿನ ಮೇಲೆ ಒತ್ತಿರುವ ಅಂಕಿಯನ್ನು ಓದಬೇಕು. ಐವತ್ತು ವರ್ಷದ ಬಂಡಿಯಲ್ಲಿ ಅದು ತುಕ್ಕಿನ, ಬಣ್ಣದ ಅಡಿಯಲ್ಲಿರಬಹುದು. ಅದನ್ನು ಕೆರೆದು ತೆಗೆಯಲು ಒಂದು ತಂತಿಯ ಬ್ರಷ್ಷು ಸಾಕು.