ಹೆಪ್ಪುಗಟ್ಟದ ಸರೋವರ: ಲಾಕ್ ನೆಸ್‌ನ ನೀರಿನ ಉಷ್ಣಾಂಶದ ಇತಿಹಾಸ

ಸ್ಕಾಟ್ಲೆಂಡಿನ ಉತ್ತರ ಭಾಗವನ್ನು ಈಶಾನ್ಯದಿಂದ ನೈಋತ್ಯಕ್ಕೆ ಸೀಳಿಕೊಂಡು ಹೋಗುವ ಗ್ರೇಟ್ ಗ್ಲೆನ್ ಒಂದು ಭ್ರಂಶ ಕಣಿವೆ, ಅಂದರೆ ಭೂಮಿಯ ಹೊರಪದರ ಬಿರುಕುಬಿಟ್ಟು ಎರಡು ಬದಿಗಳು ಜರುಗಿದ ಜಾಡಿನಲ್ಲಿ ಹಿಮನದಿಗಳು ಕೊರೆದು ಆಳಗೊಳಿಸಿದ ಕಣಿವೆ. ಅದರೊಳಗಿನ ಲಾಕ್ ನೆಸ್ ಸರೋವರದ ಉದ್ದ ಸುಮಾರು 36 ಕಿ.ಮೀ., ಗರಿಷ್ಠ ಆಳ ಸುಮಾರು 230 ಮೀಟರ್. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಎಲ್ಲ ಸರೋವರಗಳ ನೀರನ್ನು ಕೂಡಿಸಿದರೂ ಇದರ ನೀರಿನ ಪ್ರಮಾಣಕ್ಕೆ ಸಮನಾಗುವುದಿಲ್ಲ. 1933ರಿಂದೀಚೆಗೆ ಪತ್ರಿಕೆಗಳು ಹಬ್ಬಿಸಿದ ವಿಚಿತ್ರ ಪ್ರಾಣಿಯ ಸುದ್ದಿಯಿಂದಲೇ ಜಗತ್ತು ಈ ಸರೋವರವನ್ನು ಬಲ್ಲದು. ಅದಕ್ಕಿಂತ ಎಷ್ಟೋ ಹಿಂದಿನಿಂದ ಇದರ ನೀರಿನ ಶೀತೋಷ್ಣಗಳನ್ನು ಅರಿಯಲು ನಡೆದ ಪ್ರಯತ್ನದ ಇತಿಹಾಸ ಆ ಸುದ್ದಿಯ ನೆರಳಿನಲ್ಲಿ ಮರೆಯಾಗಿರುವುದು ಖೇದಕರ.

ಈ ಪ್ರದೇಶದ ಈಜಿಗೆ ಸಂಬಂಧಿಸಿದ ಅತಿ ಹಳೆಯ ಬರಹ ಏಳನೆಯ ಶತಮಾನದ ಕೊನೆಯ ಹೊತ್ತಿನದು. ಅಯೋನಾ ದ್ವೀಪದ ಮಠಾಧಿಪತಿ ಅಡೊಮ್ನಾನ್ ಬರೆದ ಸಂತ ಕೊಲಂಬನ ಚರಿತ್ರೆಯಲ್ಲಿ, ಆಚೆ ದಡದ ದೋಣಿಯನ್ನು ತರಲು ಗುರುವಿನ ಆಜ್ಞೆಯಂತೆ ನೆಸ್ ನದಿಗೆ ಧುಮುಕಿದ ಶಿಷ್ಯನೊಬ್ಬನ ಮೇಲೆ ಜಲಪ್ರಾಣಿಯೊಂದು ಏರಿಬಂದ ಪ್ರಸಂಗವಿದೆ. ಸಂತನ ಮಹಿಮೆಯನ್ನು ಸಾರುವುದು ಅಡೊಮ್ನಾನನ ಉದ್ದೇಶವಾದುದರಿಂದ ನೀರು ಎಷ್ಟು ತಣ್ಣಗಿತ್ತೆಂಬುದರ ಬಗ್ಗೆ ಆತ ಏನನ್ನೂ ಹೇಳುವುದಿಲ್ಲ.

ಉಷ್ಣಾಂಶದ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವನು ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್. 1773ರಲ್ಲಿ ಈ ದಂಡೆಯುದ್ದಕ್ಕೂ ಪ್ರಯಾಣಿಸಿದ ಆತನಿಗೆ ಸ್ಥಳೀಯರು ಎರಡು ಸಂಗತಿಗಳನ್ನು ತಿಳಿಸಿದ್ದರು: ಸರೋವರ ಕೆಲವೆಡೆ 140 ಫ್ಯಾದಮ್, ಅಂದರೆ ಸುಮಾರು 256 ಮೀಟರ್ ಆಳವಿದೆ, ಮತ್ತು ಅನತಿದೂರದ ಇನ್ನೊಂದು ಸರೋವರ ಮಂಜುಗಡ್ಡೆಯಾಗುವಂಥ ಚಳಿಗಾಲದಲ್ಲೂ ಇದು ಹೆಪ್ಪುಗಟ್ಟುವುದಿಲ್ಲ. ಎರಡು ವರ್ಷಗಳ ಅನಂತರ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಜಾನ್ಸನ್, ಕಾರಣವನ್ನು ಹುಡುಕುವ ಮೊದಲು ಸಂಗತಿ ನಿಜವೇ ಎಂದು ಪರೀಕ್ಷಿಸಬೇಕೆಂದು ಎಚ್ಚರಿಸಿದ. ಆ ಎಚ್ಚರ ಸರಿಯಾದದ್ದೇ. ಆದರೂ ದಂಡೆಯ ಜನರು ಹೆಪ್ಪುಗಟ್ಟದಿರುವುದರ ಬಗ್ಗೆ ಹೇಳಿದ್ದು ದಿಟವಾಗಿತ್ತು, ಆಳದ ಅಂದಾಜಿನಲ್ಲಿಯೂ ಅವರು ಬಹಳ ದೂರ ತಪ್ಪಿರಲಿಲ್ಲ.

ಕಾರಣದ ಮುಖ್ಯ ಎಳೆ ದೊರೆತದ್ದು ಎಡಿನ್‌ಬರೋದಲ್ಲಿ. ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೀರು ತಣ್ಣಗಾಗುತ್ತ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಅತ್ಯಧಿಕ ಸಾಂದ್ರತೆಯನ್ನು ಪಡೆದು, ಅದಕ್ಕೂ ಕೆಳಗಿಳಿದರೆ ಮತ್ತೆ ಹಗುರವಾಗುತ್ತದೆಂದು ತೋರಿಸಿದ. ಚಳಿಗಾಲದಲ್ಲಿ ತಣಿದು ಭಾರವಾದ ಮೇಲ್ಪದರದ ನೀರು ಕೆಳಗಿಳಿದು ಬೆಚ್ಚಗಿನ ನೀರು ಮೇಲೇರುತ್ತಿರುವವರೆಗೆ ಮಂಜುಗಡ್ಡೆ ಕಟ್ಟಲಾರದು. 4 ಡಿಗ್ರಿಯವರೆಗೆ ಬೇಗನೆ ತಣಿಯುವ ಆಳವಿಲ್ಲದ ಕೆರೆ ಆ ಬಳಿಕ ಹೆಪ್ಪುಗಟ್ಟುತ್ತದೆ. 230 ಮೀಟರ್ ಆಳದ ಸರೋವರವಾದರೋ ಬೇಸಗೆಯಲ್ಲಿ ಕೂಡಿಟ್ಟ ಶಾಖವನ್ನೆಲ್ಲ ಕಳೆದುಕೊಳ್ಳುವ ಮೊದಲೇ, ಅಟ್ಲಾಂಟಿಕ್ ಗಾಳಿಯಿಂದ ಸೌಮ್ಯವಾದ ಆ ನಾಡಿನ ಚಳಿಗಾಲ ಮುಗಿದುಹೋಗುತ್ತದೆ. ಆದ್ದರಿಂದ ಲಾಕ್ ನೆಸ್‌ನ ಆಳದ ನೀರು ವರ್ಷವಿಡೀ ಸುಮಾರು ಐದೂವರೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ.

ಸ್ಕಾಟ್ಲೆಂಡಿನ ಸರೋವರಗಳನ್ನು ಕ್ರಮಬದ್ಧವಾಗಿ ಅಳೆಯುವ ಕಾರ್ಯ ಆರಂಭವಾದದ್ದು 1897ರಲ್ಲಿ. 1872ರಿಂದ 1876ರವರೆಗೆ ಚಾಲೆಂಜರ್ ನೌಕೆಯ ಸಾಗರಯಾನದಲ್ಲಿ ಪಾಲ್ಗೊಂಡಿದ್ದ ಜಾನ್ ಮರ್ರೆ, ಈ ಕಾರ್ಯವನ್ನು ಸರ್ಕಾರ ವಹಿಸಿಕೊಳ್ಳಲೊಪ್ಪದಿದ್ದಾಗ, ಫ್ರೆಡರಿಕ್ ಪುಲ್ಲರ್ ಎಂಬ ತರುಣನೊಡನೆ ಸೇರಿ ತಾನೇ ಅದಕ್ಕೆ ಕೈಹಾಕಿದ. ತಂತಿಯ ತುದಿಗೆ ತೂಕ ಕಟ್ಟಿ ಇಳಿಬಿಟ್ಟು ಆಳವನ್ನು ಓದುವ ಯಂತ್ರವೊಂದನ್ನು ಪುಲ್ಲರ್ ರೂಪಿಸಿದ್ದ. 1901ರ ಫೆಬ್ರವರಿ 15ರಂದು ಏರ್ತ್ರೀ ಎಂಬ ಚಿಕ್ಕ ಸರೋವರದ ಮಂಜುಗಡ್ಡೆ ಕುಸಿದು ಅದರ ಮೇಲೆ ಜಾರಾಟವಾಡುತ್ತಿದ್ದವರು ನೀರಿಗೆ ಬಿದ್ದಾಗ, ಅವರನ್ನು ಉಳಿಸಲು ಹೋದ ಪುಲ್ಲರ್ ತಾನೇ ಮುಳುಗಿ ಸತ್ತ. ಸರೋವರಗಳನ್ನು ಅಷ್ಟು ಚೆನ್ನಾಗಿ ಬಲ್ಲವನೊಬ್ಬ ಹೀಗೆ ಅಳಿದದ್ದು ಈ ಚರಿತ್ರೆಯ ಅತ್ಯಂತ ದುಃಖದ ಘಟ್ಟ. ಕಾರ್ಯ ನಿಲ್ಲಬಾರದೆಂದು ಅವನ ತಂದೆ ಲಾರೆನ್ಸ್ ಪುಲ್ಲರ್ 10,000 ಪೌಂಡುಗಳನ್ನು ಕೊಟ್ಟ. 562 ಸರೋವರಗಳ ಸಮೀಕ್ಷೆಯ ವರದಿ 1910ರಲ್ಲಿ ಆರು ಸಂಪುಟಗಳಲ್ಲಿ ಹೊರಬಂದಿತು. ಮಗನನ್ನು ಕಳೆದುಕೊಂಡ ತಂದೆಯ ಹಣದಿಂದ ಪೂರ್ಣಗೊಂಡ ಈ ಸಂಪುಟಗಳು ಸರೋವರ ವಿಜ್ಞಾನದ ಆಧಾರಗ್ರಂಥಗಳ ಸಾಲಿಗೆ ಸೇರುತ್ತವೆ.

ಸಮೀಕ್ಷೆಯ ಅತಿ ದೊಡ್ಡ ಶೋಧ ಲಾಕ್ ನೆಸ್‌ನಲ್ಲೇ ಆಯಿತು. ಬೇಸಗೆಯ ಬಿಸಿಲು ಮೇಲಿನ ನೀರನ್ನು ಕಾಯಿಸಿ ಹಗುರಗೊಳಿಸಿದಾಗ ಅದು ಕೆಳಗಿನ ತಣ್ಣೀರಿನ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಇವೆರಡರ ನಡುವೆ ಉಷ್ಣಾಂಶ ಥಟ್ಟನೆ ಕುಸಿಯುವ ಭಾಗಕ್ಕೆ ಅಮೆರಿಕದ ಎಡ್ವರ್ಡ್ ಬರ್ಜ್ ‘ಥರ್ಮೋಕ್ಲೈನ್’ ಎಂದು ಹೆಸರಿಟ್ಟಿದ್ದ. ಇ. ಆರ್. ವಾಟ್ಸನ್ 1904ರಲ್ಲಿ ಲಾಕ್ ನೆಸ್‌ನ ಉಷ್ಣಾಂಶದ ದಾಖಲೆಗಳನ್ನು ಪರಿಶೀಲಿಸಿ, ಈ ಗಡಿಯು ಒಂದು ತುದಿಯಲ್ಲಿ ಏರಿದಾಗ ಇನ್ನೊಂದು ತುದಿಯಲ್ಲಿ ಇಳಿಯುತ್ತ, ಕೆಲವು ದಿನಗಳಿಗೊಮ್ಮೆ ತಕ್ಕಡಿಯ ದಂಡದಂತೆ ತೂಗುತ್ತದೆಂದು ತೀರ್ಮಾನಿಸಿದ. ಸರೋವರದ ಮೇಲ್ಮೈಯ ಇಂಥ ತೂಗಾಟವನ್ನು ಜಿನೀವಾ ಸರೋವರದಲ್ಲಿ ಫೊರೆಲ್ ಎಂಬ ವಿಜ್ಞಾನಿ ಮೊದಲೇ ಅಧ್ಯಯನ ಮಾಡಿದ್ದ. ನೀರಿನೊಳಗೆ, ದಡದಲ್ಲಿ ನಿಂತವನ ಕಣ್ಣಿಗೆ ಬೀಳದಂತೆ ಅದು ನಡೆಯುತ್ತದೆಂಬುದು ಹೊಸ ವಿಚಾರವಾದುದರಿಂದ ಹಲವು ವಿದ್ವಾಂಸರು ಸಂಶಯಪಟ್ಟರು. ವೃತ್ತಿಯಿಂದ ವಕೀಲನಾಗಿದ್ದ ಅರ್ನೆಸ್ಟ್ ವೆಡ್ಡರ್‌ಬರ್ನ್ ಪ್ರಯೋಗಾಲಯದ ತೊಟ್ಟಿಗಳಲ್ಲಿಯೂ ಸರೋವರಗಳಲ್ಲಿಯೂ ವರ್ಷಗಟ್ಟಲೆ ದುಡಿದು ವಾಟ್ಸನ್‌ನ ವಾದವನ್ನು ಗಟ್ಟಿಗೊಳಿಸಿದ. 1952ರಲ್ಲಿ ಕ್ಲಿಫರ್ಡ್ ಮಾರ್ಟಿಮರ್ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದ ಉಷ್ಣಾಂಶವನ್ನು ಕುರಿತು ಪ್ರಕಟಿಸಿದ ಅಧ್ಯಯನ ಈ ವಿಚಾರಕ್ಕೆ ಮತ್ತೆ ಜೀವ ತುಂಬಿತು.

ಈಜುವವರಿಗೆ ಈ ತೂಗಾಟದ ಪರಿಣಾಮ ನೇರವಾದದ್ದು. ಅಲ್ಲಿ ಹೆಚ್ಚಾಗಿ ಬೀಸುವ ನೈಋತ್ಯದ ಗಾಳಿ ಬೆಚ್ಚಗಿನ ಮೇಲ್ಪದರವನ್ನು ಈಶಾನ್ಯ ತುದಿಗೆ ತಳ್ಳಿದಾಗ, ಫೋರ್ಟ್ ಆಗಸ್ಟಸ್ ಊರಿರುವ ನೈಋತ್ಯ ತುದಿಯಲ್ಲಿ ತಣ್ಣೀರು ಮೇಲೇರುತ್ತದೆ. ಗಾಳಿ ನಿಂತ ಮೇಲೂ ತೂಗಾಟ ಮುಂದುವರಿಯುವುದರಿಂದ, ಅದೇ ದಡದ ನೀರಿನ ಉಷ್ಣಾಂಶ ಆಗಸ್ಟ್ ತಿಂಗಳಲ್ಲಿಯೂ ದಿನದಿಂದ ದಿನಕ್ಕೆ ಬದಲಾಗಬಲ್ಲದು. ಹದಿನೈದು ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಬಿದ್ದ ದೇಹ ಅಂಕೆಯಿಲ್ಲದೆ ಏದುಸಿರು ಬಿಡುತ್ತದೆ. ಶೀತಾಘಾತವೆನ್ನುವ ಈ ಸ್ಥಿತಿಯ ಮೊದಲ ಕೆಲವು ನಿಮಿಷಗಳಲ್ಲಿ ನುರಿತ ಈಜುಗಾರರೂ ನೀರು ಕುಡಿದು ಮುಳುಗಿರುವುದುಂಟು. 1966ರ ಜುಲೈನಲ್ಲಿ ಹದಿನೆಂಟರ ಹರೆಯದ ಬ್ರೆಂಡಾ ಶೆರ್ರಟ್ ಈ ಸರೋವರವನ್ನು ಮೊದಲ ಬಾರಿಗೆ ಪೂರ್ಣ ಉದ್ದಕ್ಕೆ ಈಜಿದಾಗ ಆಕೆ ನೀರಿನಲ್ಲಿದ್ದದ್ದು 31 ಗಂಟೆಗಳಿಗೂ ಹೆಚ್ಚು ಕಾಲ. ವಾಟ್ಸನ್ ಕಂಡುಕೊಂಡದ್ದನ್ನು ಗಮನಿಸಿದರೆ ಆ ಸಾಧನೆಯ ಅಳತೆ ಸರಿಯಾಗಿ ತಿಳಿಯುತ್ತದೆ, ಏಕೆಂದರೆ ಅಷ್ಟು ದೂರದಲ್ಲಿ ಈಜುಗಾರ್ತಿಯೊಬ್ಬಳು ಎದುರಿಸುವ ಶೀತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಆಳವಾದ ಶೀತಲ ಸರೋವರದಲ್ಲಿ ಈಜಬಯಸುವವರು ಆ ದಿನದ ಬಿಸಿಲನ್ನಷ್ಟೇ ನಂಬದೆ, ಹಿಂದಿನ ಎರಡು ಮೂರು ದಿನ ಗಾಳಿ ಯಾವ ಕಡೆಯಿಂದ ಬೀಸಿತ್ತೆಂದು ವಿಚಾರಿಸಿಕೊಂಡು, ನೀರನ್ನು ಅಳೆದು, ಜೊತೆಗಾರರಿದ್ದಾಗ ಮಾತ್ರ ನಿಧಾನವಾಗಿ ಇಳಿಯಬೇಕು.