ಅಂಗಾಲಿನ ಕೆಂಪು ದೀಪ

2019ರ ಶ್ರಾವಣದಲ್ಲಿ ನನ್ನ ತಂಗಿಯ ಮಗಳಿಗೆ ಏಳು ತಿಂಗಳು ತುಂಬುತ್ತಲೇ ಹೆರಿಗೆಯಾಯಿತು. ಕೂಸಿನ ತೂಕ 1,350 ಗ್ರಾಂ. ಇಂಡಿಯಿಂದ 108 ಗಾಡಿಯಲ್ಲಿ ವಿಜಯಪುರಕ್ಕೆ ತಂದೆವು. ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಇಡೀ ದಾರಿಯುದ್ದಕ್ಕೂ ನನ್ನ ತಂಗಿ ಒಂದೇ ಮಾತು ಹೇಳುತ್ತಿದ್ದಳು: "ಉಸರು ಐತೇನ್ ನೋಡ್ರೆಪ್ಪಾ, ಉಸರು ಐತೇನ್ ನೋಡ್ರಿ."

ಆಸ್ಪತ್ರೆಯಲ್ಲಿ ಹಸುಗೂಸುಗಳ ವಿಭಾಗದ ಹೊರಗೆ ಒಂದು ಉದ್ದನೆಯ ಪಡಸಾಲೆ. ಅಲ್ಲಿ ಅರ್ಧ ಜಿಲ್ಲೆಯೇ ಕೂತಿತ್ತು. ಸಿಂದಗಿ ಕಡೆಯ ಅಜ್ಜಿಯೊಬ್ಬಳು ರೊಟ್ಟಿ ಗಂಟು ಬಿಚ್ಚಿ ಎಲ್ಲರಿಗೂ ಶೇಂಗಾ ಹಿಂಡಿ ಹಂಚುತ್ತಿದ್ದಳು. ಮುದ್ದೇಬಿಹಾಳದವರು ಆಲಮಟ್ಟಿಯಿಂದ ಬಿಟ್ಟ ನೀರಿನ ಸುದ್ದಿ ಹೇಳುತ್ತಿದ್ದರು. ಬಸವನ ಬಾಗೇವಾಡಿಯ ಒಬ್ಬ ಹುಡುಗ, ಅಪ್ಪನಾಗಿ ಮೂರು ದಿನವಾಗಿತ್ತು, ಯಾರೊಂದಿಗೂ ಮಾತಾಡದೆ ಗಾಜಿನ ಕಿಟಕಿಗೆ ಹಣೆ ಹಚ್ಚಿ ನಿಂತಿರುತ್ತಿದ್ದ.

ನಾನೂ ಆ ಕಿಟಕಿಯಲ್ಲೇ ನೋಡುತ್ತಿದ್ದೆ. ನಮ್ಮ ಕೂಸಿನ ಅಂಗಾಲಿಗೆ ಒಂದು ಪಟ್ಟಿ ಸುತ್ತಿದ್ದರು. ಅದರೊಳಗೊಂದು ಕೆಂಪು ದೀಪ. ಹೆಬ್ಬೆರಳಿನಷ್ಟಗಲದ ಆ ಪಾದ ದೀಪದ ಬೆಳಕಿಗೆ ದಾಸವಾಳದ ಮೊಗ್ಗಿನ ಹಾಗೆ ಕಾಣುತ್ತಿತ್ತು. ಪಕ್ಕದ ಪರದೆಯಲ್ಲಿ ಒಂದು ಅಂಕಿ: 93, 94, 92. ಮೂರನೇ ದಿನ ಅದು 99ಕ್ಕೆ ಏರಿ ನೂರಾಯಿತು. ನನಗೆ ಖುಷಿ. ಅಷ್ಟರಲ್ಲಿ ನರ್ಸ್ ಬಂದು ಆಮ್ಲಜನಕದ ಗುಂಡಿ ತಿರುವಿ ಕಡಿಮೆ ಮಾಡಿಬಿಟ್ಟರು. ಹೊರಗೆ ಬಂದಾಗ ತಡೆದು ಕೇಳಿದೆ.

"ಸಿಸ್ಟರ್, ನೂರಕ್ಕ ನೂರು ಬಂದಿತ್ತಲ್ರೀ, ಮತ್ತ ಯಾಕ ಕಡಿಮಿ ಮಾಡಿದ್ರಿ?"

"ನೂರು ಬಂತಂತನ ಕಡಿಮಿ ಮಾಡೀನ್ರಿ ಸರ್. ನಿಮ್ಮ ಸಾಲ್ಯಾಗ ನೂರು ಚಲೋ. ಗ್ಯಾಸ್ ಮ್ಯಾಲಿರೋ ಕೂಸಿಗೆ ಅಲ್ಲ. ಕಣ್ಣು ಹೋಗ್ತಾವು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಆಮ್ಲಜನಕ ಜೀವಾನಿಲ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಅದರಿಂದ ಕಣ್ಣು ಹೋಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಆ ನರ್ಸ್ ಒಂದು ಗುಂಡಿ ತಿರುವಿದ್ದರ ಹಿಂದೆ ಎಂಬತ್ತು ವರ್ಷಗಳ ಕಥೆಯಿದೆ ಎಂಬುದು ಆಮೇಲೆ ಓದುತ್ತಾ ಹೋದಂತೆ ತಿಳಿಯಿತು.

1942ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಥಿಯೋಡೋರ್ ಟೆರ್ರಿ ಎಂಬ ಕಣ್ಣಿನ ವೈದ್ಯರು ಒಂದು ವಿಚಿತ್ರ ಕುರುಡನ್ನು ಗುರುತಿಸಿ ಬರೆದರು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಪಾಪೆಯ ಹಿಂದೆ ಬೆಳ್ಳನೆಯ ಪೊರೆ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಹೀಗೆ ಕಣ್ಣು ಕಳೆದುಕೊಂಡರೆಂದು ಅಂದಾಜು. ಹಾಡುಗಾರ ಸ್ಟೀವಿ ವಂಡರ್ ಅವರಲ್ಲೊಬ್ಬರು, 1950ರಲ್ಲಿ ಹುಟ್ಟಿದವರು. ವಿಚಿತ್ರವೆಂದರೆ ಈ ಕುರುಡು ಬಡ ಆಸ್ಪತ್ರೆಗಳಲ್ಲಿ ಕಡಿಮೆ, ಒಳ್ಳೆಯ ಇನ್‌ಕ್ಯುಬೇಟರ್ ಇದ್ದ ದೊಡ್ಡ ಆಸ್ಪತ್ರೆಗಳಲ್ಲೇ ಹೆಚ್ಚು. ವಿಟಮಿನ್ ಕೊರತೆ, ಬೆಳಕು, ಸೋಂಕು ಎಂದೆಲ್ಲ ಹುಡುಕಿದರು. 1951ರಲ್ಲಿ ಮೆಲ್ಬರ್ನ್‌ನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಅವರು, ಧಾರಾಳವಾಗಿ ಕೊಡುತ್ತಿರುವ ಆಮ್ಲಜನಕವೇ ಕಾರಣವಿರಬಹುದೇ ಎಂದು ಕೇಳಿದರು.

ಅದೇ ಸಮಯದಲ್ಲಿ ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿ ಆರ್ನಾಲ್ ಪ್ಯಾಟ್ಸ್ ಎಂಬ ಯುವ ವೈದ್ಯರು ಇದನ್ನು ಪರೀಕ್ಷಿಸಲು ಹೊರಟರು. ಸರ್ಕಾರ ಮೊದಲು ಹಣ ಕೊಡಲಿಲ್ಲ, ಅಣ್ಣನ ಹತ್ತಿರ ಸಾಲ ಮಾಡಿದರು. ಕೆಲವು ಮಕ್ಕಳಿಗೆ ಹೆಚ್ಚು ಆಮ್ಲಜನಕ, ಕೆಲವರಿಗೆ ಬೇಕಾದಷ್ಟೇ. ಆದರೆ ರಾತ್ರಿ ಪಾಳಿಯ ನರ್ಸ್‌ಗಳಿಗೆ ಇದು ಸಹಿಸಲಿಲ್ಲ. ಈ ಡಾಕ್ಟರ್ ಕೂಸುಗಳನ್ನು ಉಸಿರುಗಟ್ಟಿಸುತ್ತಿದ್ದಾನೆ ಎಂದುಕೊಂಡು, ಅವರಿಲ್ಲದಾಗ ಕಡಿಮೆ ಇಟ್ಟಿದ್ದ ಗುಂಡಿಯನ್ನು ಹೆಚ್ಚು ಮಾಡಿಬಿಡುತ್ತಿದ್ದರಂತೆ. ಓದಿದಾಗ ನಗು ಬರಲಿಲ್ಲ. ಆ ಕಿಟಕಿಯಾಚೆ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

18 ಆಸ್ಪತ್ರೆಗಳು ಸೇರಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 1954ರಲ್ಲಿ ಬಂತು. ತಪ್ಪು ಆಮ್ಲಜನಕದ್ದೇ. ತಾಯಿಯ ಹೊಟ್ಟೆಯಲ್ಲಿ ಕೂಸಿಗೆ ಸಿಗುವ ಆಮ್ಲಜನಕ ನಮಗೆ ಸಿಗುವುದಕ್ಕಿಂತ ಬಹಳ ಕಡಿಮೆ. ಅಷ್ಟರಲ್ಲೇ ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ರಕ್ತನಾಳಗಳು ನಡುವಿನಿಂದ ಅಂಚಿನತ್ತ ಬಳ್ಳಿಯ ಹಾಗೆ ಹಬ್ಬುತ್ತಾ, ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಮೊದಲೇ ಹುಟ್ಟಿದ ಕೂಸಿಗೆ ವಿಪರೀತ ಆಮ್ಲಜನಕ ಸಿಕ್ಕರೆ ಆ ಬಳ್ಳಿ ಅಲ್ಲಿಗೇ ನಿಲ್ಲುತ್ತದೆ. ಕೆಲವು ವಾರಗಳ ನಂತರ ರಕ್ತ ಸಿಗದೆ ಹಸಿದ ರೆಟಿನಾ ಕೂಗು ಹಾಕುತ್ತದೆ. ಆಗ ನಾಳಗಳು ದಿಕ್ಕುಗೆಟ್ಟು ಬೆಳೆದು, ಗಂಟುಗಟ್ಟಿ, ರೆಟಿನಾವನ್ನೇ ಕಿತ್ತುಬಿಡುತ್ತವೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1954ರ ನಂತರ ಆಮ್ಲಜನಕ ಶೇ. 40 ದಾಟಬಾರದು ಎಂಬುದು ಆಸ್ಪತ್ರೆಗಳಲ್ಲಿ ರೂಢಿಯಾಯಿತು. ಕುರುಡು ಇಳಿಯಿತು. ಆದರೆ ಎಳೆಯ ಶ್ವಾಸಕೋಶದ ಮಕ್ಕಳು ಹೆಚ್ಚು ಸಾಯತೊಡಗಿದರು. 1973ರಲ್ಲಿ ಕೆನೆತ್ ಕ್ರಾಸ್ ಎಂಬ ಬ್ರಿಟಿಷ್ ವಿಜ್ಞಾನಿ ಲೆಕ್ಕ ಹಾಕಿ ಹೇಳಿದರು: ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು 16 ಮಕ್ಕಳ ಜೀವ ತೆತ್ತಿದ್ದೇವೆ.

ವೈದ್ಯರ ಕಷ್ಟ ಏನೆಂದರೆ, ಎಷ್ಟು ಕೊಡುತ್ತಿದ್ದೇವೆಂಬುದು ಗೊತ್ತಿತ್ತು, ಅದು ರಕ್ತಕ್ಕೆ ಎಷ್ಟು ಮುಟ್ಟಿತೆಂಬುದು ಗೊತ್ತಾಗುತ್ತಿರಲಿಲ್ಲ. ಚರ್ಮದ ಬಣ್ಣ ನೋಡಿ ಊಹಿಸಬೇಕು, ಇಲ್ಲವೇ ರಕ್ತ ತೆಗೆದು ಪರೀಕ್ಷಿಸಬೇಕು. ನಮ್ಮ ಕೂಸಿನಂಥ 1,350 ಗ್ರಾಂ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಒಂದು ಚಹಾ ಕಪ್ಪಿನಷ್ಟು. ಗಂಟೆಗೊಮ್ಮೆ ಎಲ್ಲಿಂದ ತೆಗೆಯುವುದು?

ಉತ್ತರ ಬಂದದ್ದು ಜಪಾನಿನಿಂದ. ನಿಹಾನ್ ಕೋಡೆನ್ ಕಂಪನಿಯ ಎಂಜಿನಿಯರ್ ತಾಕುವೋ ಅವೊಯಾಗಿ ಹುಡುಕುತ್ತಿದ್ದದ್ದು ಬೇರೆಯದನ್ನು. ಹೃದಯ ಎಷ್ಟು ರಕ್ತ ದೂಡುತ್ತದೆಂದು ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯುತ್ತಿದ್ದರು. ನಾಡಿ ಬಡಿದಾಗೆಲ್ಲ ಗೆರೆ ಅಲುಗಾಡಿ ಲೆಕ್ಕ ಕೆಡುತ್ತಿತ್ತು. ಆ ಕಿರಿಕಿರಿಯನ್ನು ತೆಗೆದುಹಾಕಲು ಹೆಣಗುತ್ತಿದ್ದಾಗ ಹೊಳೆಯಿತು: ಬೇಕಾದದ್ದು ಇದರಲ್ಲೇ ಇದೆ. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಹೆಚ್ಚು ಬಿಡುತ್ತದೆ, ಹೊರದ ರಕ್ತ ಅದನ್ನು ಹೀರುತ್ತದೆ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಲ್ಲಿ ಇದು ತಿರುವುಮುರುವು. ನಾಡಿಯೊಂದಿಗೆ ಏರಿಳಿಯುವ ಪಾಲನ್ನಷ್ಟೇ ಎರಡೂ ಬೆಳಕಿನಲ್ಲಿ ಹೋಲಿಸಿದರೆ, ಚರ್ಮ, ಮೂಳೆ, ಮಾಂಸ ಎಲ್ಲ ಲೆಕ್ಕದಿಂದ ಹೊರಗುಳಿದು ಅಪಧಮನಿಯ ರಕ್ತವೊಂದೇ ಉಳಿಯುತ್ತದೆ. 1974ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1980ರ ದಶಕದಲ್ಲಿ ಅಮೆರಿಕದ ಕಂಪನಿಗಳು ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದವು. ಸೂಜಿ ಚುಚ್ಚದೆ, ಒಂದು ಹನಿ ರಕ್ತ ತೆಗೆಯದೆ ಕ್ಷಣಕ್ಷಣದ ಲೆಕ್ಕ. ನಮ್ಮ ಕೂಸಿನ ಅಂಗಾಲಿನ ಕೆಂಪು ದೀಪ ಅದೇ. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಅದರ ಮುಂದಿನ ತಿಂಗಳುಗಳಲ್ಲಿ ಕೋವಿಡ್‌ನಿಂದಾಗಿ ನಮ್ಮೂರ ಮನೆಮನೆಗಳಲ್ಲೂ ಜನ ಬೆರಳಿಗೆ ಅದೇ ಯಂತ್ರ ಸಿಕ್ಕಿಸಿಕೊಂಡು ಅಂಕಿ ಓದುತ್ತಿದ್ದರು.

ಈ ಯಂತ್ರಕ್ಕೂ ಒಂದು ಮಿತಿಯಿದೆ. ನರ್ಸ್ ನೂರಕ್ಕೆ ಹೆದರಿದ್ದು ಅದಕ್ಕೇ. ಕೊಡ ಎಷ್ಟು ತುಂಬಿದೆ ಎಂದು ಅದು ಹೇಳಬಲ್ಲದು. ತುಂಬಿದ ಮೇಲೆ ಬರೀ ತುಳುಕುತ್ತಿದೆಯೋ, ನಲ್ಲಿ ಬಿಟ್ಟು ಅಂಗಳವೆಲ್ಲ ಕೆರೆಯಾಗಿದೆಯೋ ಹೇಳಲಾರದು. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ನೂರು, ಅದರ ಮೂರು ಪಟ್ಟಿದ್ದರೂ ನೂರು. ಹೊರಗಿನ ಆಮ್ಲಜನಕವಿಲ್ಲದೆ ಕೂಸು ತಾನೇ ಉಸಿರಾಡಿ ನೂರು ತಂದರೆ ಚಿಂತೆಯಿಲ್ಲ. ಕೊಡುತ್ತಿರುವಾಗ ನೂರು ಬಂದರೆ ಕೊಡ ಎಷ್ಟು ಹರಿದಿದೆಯೋ ಯಾರಿಗೆ ಗೊತ್ತು?

ಹಾಗಾದರೆ ಎಷ್ಟಿರಬೇಕು? ಇದಕ್ಕೂ ಮಕ್ಕಳೇ ಉತ್ತರ ಕೊಟ್ಟರು. 2010ರಲ್ಲಿ ಪ್ರಕಟವಾದ ಅಮೆರಿಕದ ಸಪೋರ್ಟ್ ಅಧ್ಯಯನದಲ್ಲಿ 28 ವಾರಕ್ಕೂ ಮೊದಲೇ ಹುಟ್ಟಿದ 1,316 ಮಕ್ಕಳಿದ್ದರು. ಅರ್ಧ ಮಕ್ಕಳನ್ನು 85ರಿಂದ 89ರಲ್ಲಿ, ಉಳಿದವರನ್ನು 91ರಿಂದ 95ರಲ್ಲಿ ಇಡುವ ಪ್ರಯತ್ನ. ಕೆಳಗಿನ ಗುಂಪಿನಲ್ಲಿ ಬದುಕಿದವರ ಪೈಕಿ ತೀವ್ರ ಕಣ್ಣಿನ ತೊಂದರೆ ಶೇ. 8.6, ಮೇಲಿನದರಲ್ಲಿ ಶೇ. 17.9. ಆದರೆ ಸಾವು ಕೆಳಗಿನ ಗುಂಪಿನಲ್ಲಿ ಶೇ. 19.9, ಮೇಲಿನದರಲ್ಲಿ ಶೇ. 16.2. ಕಣ್ಣಿಗೆ ಚಿಕಿತ್ಸೆಯಿದೆ, ಸಾವಿಗಿಲ್ಲ. ಹಾಗಾಗಿ ಇಂದು ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡುತ್ತಾರೆ. ಎಂದರೆ, ಕೆಲವು ಕಣ್ಣುಗಳಿಗೆ ತೊಂದರೆಯಾಗಬಹುದೆಂದು ಗೊತ್ತಿದ್ದೇ ಜೀವ ಉಳಿಸಿಕೊಳ್ಳುತ್ತಾರೆ. ಆ ಕಣ್ಣುಗಳನ್ನು ಆಮೇಲೆ ಹುಡುಕಿ ಚಿಕಿತ್ಸೆ ಕೊಡುವುದು ಈ ಒಪ್ಪಂದದ ಉಳಿದರ್ಧ.

ನಾನು ಎಡವಿದ್ದು ಆ ಉಳಿದರ್ಧದಲ್ಲಿ. ಹದಿನೆಂಟನೇ ದಿನ ಕೂಸನ್ನು ಮನೆಗೆ ಕಳಿಸಿದರು. ಕೊಟ್ಟ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಓದಿ, ಮಡಚಿ, ಟೇಬಲ್ಲಿನ ಖಾನೆಯೊಳಗೆ ಇಟ್ಟೆ. ಕೂಸು ಹಾಲು ಕುಡಿಯುತ್ತಿತ್ತು, ಅಳುತ್ತಿತ್ತು, ಕಣ್ಣು ಬಿಡುತ್ತಿತ್ತು. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ, ಲೋಬಾನದ ಹೊಗೆ. "ಹಸಿ ಬಾಣಂತೀನ ಗಾಳ್ಯಾಗ ಎಲ್ಲಿ ಕರ್ಕೊಂಡು ಹೋಗ್ತಿ ಅಣ್ಣಾ, ತಿಂಗಳೊಪ್ಪತ್ತು ತಡಿ" ಎಂದಳು ತಂಗಿ. ನಾನೂ ಹೂಂಗುಟ್ಟಿದೆ. ಇಪ್ಪತ್ತಾರನೇ ದಿನ ಆಶಾ ಕಾರ್ಯಕರ್ತೆ ತೂಕ ನೋಡಲು ಬಂದವರು ಕಾಗದ ಕೇಳಿದರು. ಓದಿ, "ಸರ್, ನೀವು ಕಲ್ತವರಾಗಿ ಹಿಂಗ ಮಾಡಿದ್ರ ಹೆಂಗ್ರೀ?" ಎಂದರು. ಮರುದಿನವೇ ಹೊರಟೆವು.

ಅಲ್ಲಿ ಬೆಂಚಿನ ಮೇಲೆ ನಮ್ಮ ಪಕ್ಕ ಒಬ್ಬ ತಾಯಿ ಕೂತಿದ್ದಳು. ಊರು ಸಿಂದಗಿ ಹತ್ತಿರದ ಹಳ್ಳಿ. ಕೂಸಿಗೆ ನಾಲ್ಕು ತಿಂಗಳು, ಎಂಟು ತಿಂಗಳಿಗೇ ಹುಟ್ಟಿದ್ದು, ಎಲ್ಲೋ ಎರಡು ವಾರ ಸಿಲಿಂಡರ್ ಗಾಳಿಯ ಮೇಲಿತ್ತಂತೆ. "ದೀಪ ತೋರ್ಸಿದ್ರೂ ನೋಡವಲ್ದು ನೋಡ್ರಿ ಅಣ್ಣಾರ" ಎಂದಳು. ಕೂಸು ನಿದ್ದೆಯಿಂದೆದ್ದಾಗ ಅದರ ಪಾಪೆಯೊಳಗೆ ಬೆಳ್ಳಗೆ ಏನೋ ಕಂಡಿತು. ವೈದ್ಯರು ನೋಡಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ನಿಧಾನವಾಗಿ ಏನೇನೋ ಹೇಳಿದರು. ಆಕೆ ಕೇಳಿದ್ದು ಒಂದೇ: "ಮದ್ಲ ಬಂದಿದ್ರ ಆಗ್ತಿತ್ತೇನ್ರಿ?" ಅವರು ತಲೆ ತಗ್ಗಿಸಿ ಹೌದೆಂದರು.

ನಮ್ಮ ದೇಶದಲ್ಲಿ ಈ ತೊಂದರೆ ಕಡಿಮೆ ತೂಕದವರಿಗಷ್ಟೇ ಅಲ್ಲ, ಒಂದೂವರೆ ಕೆಜಿ ದಾಟಿದ ಮಕ್ಕಳಿಗೂ ಬರುತ್ತದೆ. ಸಿಲಿಂಡರಿನ ಶುದ್ಧ ಆಮ್ಲಜನಕಕ್ಕೆ ಗಾಳಿ ಬೆರೆಸುವ ಉಪಕರಣ ಎಲ್ಲ ಕಡೆ ಇಲ್ಲ, ಅಂಗಾಲಿನ ದೀಪ ನೋಡುತ್ತಾ ಕೂರಲು ಸಾಕಷ್ಟು ನರ್ಸ್‌ಗಳೂ ಇಲ್ಲ. ಅದಕ್ಕೇ 2 ಕೆಜಿಗಿಂತ ಕಡಿಮೆ ತೂಕದ, ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಎಲ್ಲ ಮಕ್ಕಳ ಕಣ್ಣನ್ನೂ 30 ದಿನದೊಳಗೆ ನೋಡಬೇಕೆನ್ನುತ್ತಾರೆ. ನೋಡುವ ತಜ್ಞರು ಹಳ್ಳಿಗಾಡಿನಲ್ಲಿ ಸಿಗುವುದಿಲ್ಲ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಇದಕ್ಕೊಂದು ದಾರಿ ಹುಡುಕಿದರು. ತಜ್ಞರ ಬದಲು ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಶಿಶು ವಿಭಾಗಗಳಿಗೆ ಹೋಗಿ ರೆಟಿನಾದ ಚಿತ್ರ ತೆಗೆದು ಇಂಟರ್‌ನೆಟ್‌ನಲ್ಲಿ ಕಳಿಸುವುದು, ತಜ್ಞರು ದೂರದಿಂದಲೇ ನೋಡಿ ಹೇಳುವುದು. ಕಿಡ್‌ರಾಪ್ ಎಂಬ ಈ ಯೋಜನೆ 2015ರ ಹೊತ್ತಿಗೆ 20,000ಕ್ಕೂ ಹೆಚ್ಚು ಸಲ ಇಂಥ ಚಿತ್ರ ತೆಗೆದಿತ್ತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್, ಚೆನ್ನೈಯಲ್ಲಿ ಈ ಪರೀಕ್ಷೆಯಿಲ್ಲದೆ ದೃಷ್ಟಿ ಕಳೆದುಕೊಂಡ ಹುಡುಗಿಯ ಮೊಕದ್ದಮೆಯಲ್ಲಿ ಸುಮಾರು 1.8 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಆ ಹುಡುಗಿ ಹುಟ್ಟಿದ್ದು 1996ರಲ್ಲಿ.

ನಮ್ಮ ಕೂಸಿನ ರಕ್ತನಾಳಗಳು ಅಂಚು ಮುಟ್ಟಿರಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದರು, ಆಮೇಲೆ ಇನ್ನೊಮ್ಮೆ. ಮೂರನೇ ಸಲ ವೈದ್ಯರು ದೀಪ ಆರಿಸಿ, "ಮುಟ್ಟ್ಯಾವು, ಇನ್ ಚಿಂತಿ ಬ್ಯಾಡ" ಎಂದರು. ಲೇಸರ್ ಬೇಕಾಗಲಿಲ್ಲ. ಹುಡುಗಿಗೆ ಈಗ ಶಾಲೆ. ನನ್ನ ಕನ್ನಡಕ ಎಲ್ಲಿಟ್ಟಿದ್ದರೂ ಹುಡುಕಿ ಕೊಡುವವಳು ಅವಳೇ.

ಆ ಆಶಾ ಕಾರ್ಯಕರ್ತೆ ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ, ಯಾರದ್ದೋ ಆಸ್ಪತ್ರೆಯ ಕಾಗದ ಹಿಡಿದುಕೊಂಡು. ನಾನು ಆ ಕೊನೆಯ ಸಾಲನ್ನು ಓದಿ, ದಿನ ಎಣಿಸಿ, ತಾರೀಖನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ. ಖಾನೆಯೊಳಗೆ ಇಡಬೇಡಿ, ಬಾಗಿಲಿಗೆ ಅಂಟಿಸಿ ಎನ್ನುತ್ತೇನೆ.